ಮಿದುಳಿನ ಊತಕ್ಕೆ ಮದ್ದೆಲ್ಲಿ?

ಸಂಜೆಯ ಹೊತ್ತು ನಮ್ಮ ದೀಪಾಂಜಲಿ ನಗರದ ಮಗ್ಗುಲಲ್ಲಿ ಹಾಯುವ ಮೈಸೂರು ರಸ್ತೆಯ ಅಂಚಿನಲ್ಲಿ ಐದು ನಿಮಿಷ ನಿಂತು ನೋಡಿದರೆ ಸಾಕು, ದ್ವಿಚಕ್ರ ವಾಹನಗಳ ಹೊಳೆಯೇ ಹರಿಯುತ್ತಿರುವಂತೆ ತೋರುತ್ತದೆ. ಕೆಲವರ ಹೆಲ್ಮೆಟ್ಟು ತಲೆಯ ಮೇಲಿದ್ದರೂ ಅದರ ಪಟ್ಟಿ ಗಲ್ಲದ ಕೆಳಗೆ ಬಿಗಿದಿಲ್ಲ. ಕೆಲವರದು ಕನ್ನಡಿಗೆ ತೂಗುಬಿದ್ದಿದೆ. ಹಿಂದೆ ಕುಳಿತವರಲ್ಲಿ ಎಷ್ಟೋ ಮಂದಿಯ ತಲೆ ಬರಿದು. ಇವರಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿದರೆ, "ಏನಾದರೂ ಆದರೆ ಆಸ್ಪತ್ರೆ ಇದೆಯಲ್ಲ" ಎಂಬ ಉತ್ತರ ಬಂದೀತು. ವೈದ್ಯವಿಜ್ಞಾನದಲ್ಲಿ ಜನರಿಗಿರುವ ಈ ನಂಬಿಕೆ ಮೆಚ್ಚತಕ್ಕದ್ದೇ. ಆದರೆ ತಲೆಪೆಟ್ಟಿನ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ನಾವು ವೈದ್ಯರಲ್ಲ, ಭೌತಶಾಸ್ತ್ರದ ಅಧ್ಯಾಪಕರು. ಆದರೂ ಈ ಮಾತನ್ನೆತ್ತಲು ಎರಡು ಕಾರಣಗಳುಂಟು. ಪೆಟ್ಟು ಬಿದ್ದ ಮಿದುಳಿನ ಕಥೆ ಬಹುಮಟ್ಟಿಗೆ ಒತ್ತಡ ಮತ್ತು ಗಾತ್ರಗಳ ಕಥೆ. ಅದು ನಮ್ಮ ಪಾಠದ ಕೋಣೆಗೆ ಸೇರಿದ್ದು. ಮೇಲಾಗಿ, ಈ ವಿಷಯದಲ್ಲಿ ನಾವೇ ಒಮ್ಮೆ ತಪ್ಪು ಪಕ್ಷ ವಹಿಸಿದ್ದೆವು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯ, ಪದವಿಪೂರ್ವ ತರಗತಿಯ ಹುಡುಗನೊಬ್ಬ ಗೆಳೆಯನ ಸ್ಕೂಟರಿನ ಹಿಂದೆ ಕುಳಿತು ಬರುತ್ತಿದ್ದಾಗ ಕೆಳಗೆ ಬಿದ್ದ. ಎದ್ದು ನಿಂತ, ಬಟ್ಟೆ ಕೊಡವಿಕೊಂಡ, "ಏನೂ ಆಗಿಲ್ಲ ಸಾರ್" ಎಂದು ನಮಗೇ ಹೇಳಿ ಮನೆಗೆ ನಡೆದ. ನಾವೂ ಅದನ್ನು ನಂಬಿದೆವು. ರಾತ್ರಿ ಎರಡು ಸಲ ವಾಂತಿಯಾಯಿತು, ಮಾತು ತೊದಲಿತು, ಬೆಳಗಿನ ಜಾವ ತಾಯಿ ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದೂ, ಮಿದುಳು ಊದಿಕೊಂಡಿದ್ದೂ ಕಂಡುಬಂದವು. ಹುಡುಗನ ಸೋದರಮಾವ ವೈದ್ಯರ ಮುಂದೆ ಕೈಮುಗಿದು ನಿಂತರು. "ಡಾಕ್ಟರೇ, ಎರಡು ವರ್ಷದ ಹಿಂದೆ ನಮ್ಮ ಮನೆಯವಳಿಗೆ ತಲೆಯಲ್ಲಿ ಗೆಡ್ಡೆಯಾಗಿದ್ದಾಗ ಬಾವು ಇಳಿಯೋ ಇಂಜೆಕ್ಷನ್ ಕೊಟ್ಟಿದ್ದರು. ಎರಡೇ ದಿನಕ್ಕೆ ತಲೆನೋವು ಇಳಿಯಿತು. ಅದನ್ನೇ ಇವನಿಗೂ ಕೊಡಿ. ಖರ್ಚಿಗೆ ಯೋಚನೆ ಮಾಡಬೇಡಿ" ಎಂದರು. ವೈದ್ಯರು ಒಪ್ಪಲಿಲ್ಲ. "ಯಜಮಾನರೇ, ಅದರಿಂದ ಇವನಿಗೆ ಒಳ್ಳೆಯದಾಗುವುದಿಲ್ಲ, ಕೇಡಾದೀತು" ಎಂದಷ್ಟೇ ಹೇಳಿ ಒಳಗೆ ಹೋದರು. ನಮಗೆ ಮಾವನವರ ವಾದವೇ ಸರಿಯೆಂದು ತೋರಿತು. ಊತವೆಂದರೆ ಊತ, ಒಂದು ಊತವನ್ನು ಇಳಿಸಿದ ಮದ್ದು ಇನ್ನೊಂದನ್ನು ಏಕೆ ಇಳಿಸಬಾರದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಕಲಿತದ್ದನ್ನೇ ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇವೆ.

ಕಾಲು ಉಳುಕಿದಾಗ ಹರಡು ಊದಿಕೊಳ್ಳುವುದು ಎಲ್ಲರೂ ಕಂಡ ಸಂಗತಿ. ನೋವಾಗುತ್ತದೆ, ನಾಲ್ಕು ದಿನ ಕುಂಟುತ್ತೇವೆ, ಆಮೇಲೆ ಮರೆಯುತ್ತೇವೆ. ಚರ್ಮ ಹಿಗ್ಗಬಲ್ಲದಾದುದರಿಂದ ಒಳಗಿನ ದ್ರವಕ್ಕೆ ಜಾಗ ದೊರೆಯುತ್ತದೆ. ಮಿದುಳಿಗೆ ಈ ಅನುಕೂಲವಿಲ್ಲ. ವಯಸ್ಕರ ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಮೂರು ವಸ್ತುಗಳು ಇಡುಕಿರಿದಿವೆ: ಸುಮಾರು ನೂರಕ್ಕೆ 80 ಪಾಲು ಮಿದುಳು, 10 ಪಾಲು ರಕ್ತ, 10 ಪಾಲು ಮಿದುಳನ್ನು ಸುತ್ತುವರಿದ ತಿಳಿಯಾದ ದ್ರವ. ದ್ರವವನ್ನಾಗಲಿ, ನೀರೇ ಹೆಚ್ಚಾಗಿರುವ ಮಿದುಳನ್ನಾಗಲಿ ಅದುಮಿ ಕುಗ್ಗಿಸುವುದು ಸಾಧ್ಯವಿಲ್ಲವೆಂದು ನೀವು ದ್ರವಶಾಸ್ತ್ರದ ಪಾಠದಲ್ಲಿ ಓದಿರುವಿರಿ. ಆದುದರಿಂದ ಒಂದು ಹೆಚ್ಚಿದರೆ ಇನ್ನೊಂದು ಹೊರಗೆ ಹೋಗಲೇಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ 1783ರಲ್ಲಿ ಈ ವಿಚಾರವನ್ನು ಮುಂದಿಟ್ಟನು. ಅವನ ಶಿಷ್ಯ ಜಾರ್ಜ್ ಕೆಲ್ಲಿ 1820ರ ದಶಕದಲ್ಲಿ ಅದನ್ನು ಪುಷ್ಟೀಕರಿಸಿದನು. ಇಂದಿಗೂ ತಲೆಪೆಟ್ಟಿನ ಚಿಕಿತ್ಸೆಯೆಲ್ಲ ಈ ಒಂದು ತತ್ತ್ವದ ಸುತ್ತಲೇ ತಿರುಗುತ್ತದೆ.

ಕಿಕ್ಕಿರಿದ ಬಸ್ಸನ್ನು ನೆನೆಯಿರಿ. ಮತ್ತೆ ಇಬ್ಬರು ಹತ್ತಿದರೆ ಬಾಗಿಲ ಬಳಿಯವರು ಇಬ್ಬರು ಇಳಿದು ಜಾಗ ಮಾಡಿಕೊಡುತ್ತಾರೆ; ಒಳಗೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಇಳಿಯುವವರು ಯಾರೂ ಉಳಿಯದೆ ಹೋದ ಮೇಲೆ ಹತ್ತುವ ಒಬ್ಬೊಬ್ಬನೂ ಉಸಿರು ಕಟ್ಟಿಸುತ್ತಾನೆ. ತಲೆಯೊಳಗೂ ಹೀಗೆಯೇ. ಊತದ ಆರಂಭದಲ್ಲಿ ಮಿದುಳಿನ ಸುತ್ತಲ ದ್ರವ ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ಅಭಿಧಮನಿಗಳ ರಕ್ತ ಹೊರಕ್ಕೆ ಹರಿಯುತ್ತದೆ. ಒತ್ತಡ ಹೆಚ್ಚಾಗಿ ಏರುವುದಿಲ್ಲ. ಈ ಎರಡು ಉಪಾಯಗಳೂ ಮುಗಿದ ಮೇಲೆ ಊತ ಕೆಲವೇ ಮಿಲಿಲೀಟರಿನಷ್ಟು ಹೆಚ್ಚಿದರೂ ಒತ್ತಡ ಕಡಿದಾಗಿ ಮೇಲೇರುತ್ತದೆ. ಬಿದ್ದವನು ಎದ್ದು ನಿಂತು "ಏನೂ ಆಗಿಲ್ಲ" ಎಂದು ನಡೆದುಹೋಗಿ, ಕೆಲವು ತಾಸುಗಳ ಮೇಲೆ ಎಚ್ಚರ ತಪ್ಪುವುದಕ್ಕೆ ಇದೊಂದು ಮುಖ್ಯ ಕಾರಣ. ಅವನು ಸುಳ್ಳು ಹೇಳಿರುವುದಿಲ್ಲ. ಆಗ ಅವನ ಬಸ್ಸಿನಲ್ಲಿ ಇಳಿಯುವವರು ಇನ್ನೂ ಇದ್ದರು, ಅಷ್ಟೆ.

ಈ ಒತ್ತಡ ಎಷ್ಟು? ಆರೋಗ್ಯವಂತ ವಯಸ್ಕನು ಮಲಗಿರುವಾಗ ಅದು ಸುಮಾರು 7ರಿಂದ 15 ಮಿಲಿಮೀಟರ್ ಪಾದರಸ. 22 ಮಿಲಿಮೀಟರನ್ನು ಮೀರಿದರೆ ಚಿಕಿತ್ಸೆ ಬೇಕೆಂದು 2016ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರವಾದುದರಿಂದ, 22 ಮಿಲಿಮೀಟರ್ ಪಾದರಸವೆಂದರೆ 30 ಸೆಂಟಿಮೀಟರ್ ಎತ್ತರದ ನೀರಿನ ಕಂಬ. ನಿಮ್ಮ ಚೀಲದಲ್ಲಿರುವ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಅಷ್ಟೇ ನೀರಿನ ಒತ್ತಡ. ಇಷ್ಟು ಅಲ್ಪವಾದ ಒತ್ತಡ ಪ್ರಾಣಕ್ಕೆ ಸಂಚಕಾರ ತರುವುದು ಹೇಗೆಂದರೆ, ಮಿದುಳಿಗೆ ರಕ್ತವನ್ನು ನೂಕುವ ಬಲ ಧಮನಿಯ ಸರಾಸರಿ ಒತ್ತಡದಿಂದ ಈ ಒತ್ತಡವನ್ನು ಕಳೆದುಳಿದದ್ದು ಮಾತ್ರ. ರಕ್ತದ ಸರಾಸರಿ ಒತ್ತಡ 90, ತಲೆಯೊಳಗಿನದು 10 ಆಗಿದ್ದರೆ ಉಳಿಯುವುದು 80, ಧಾರಾಳ. ತಲೆಯೊಳಗಿನದು 40ಕ್ಕೆ ಏರಿದರೆ ಉಳಿಯುವುದು 50. ವೈದ್ಯರು 60ಕ್ಕಿಂತ ಕೆಳಗೆ ಹೋಗಗೊಡುವುದಿಲ್ಲ. ಇದೇ ಗಾಯಾಳು ಕಾಲಿನ ಗಾಯದಿಂದ ರಕ್ತ ಕಳೆದುಕೊಂಡು ಅವನ ಸರಾಸರಿ ರಕ್ತದೊತ್ತಡ 70ಕ್ಕೆ ಇಳಿದರೆ ಉಳಿಯುವುದು 30 ಮಾತ್ರ. ದೇಹತೂಕದ ನೂರಕ್ಕೆ 2 ಪಾಲಿನಷ್ಟಿರುವ ಮಿದುಳು ದೇಹದ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲನ್ನು ಬಳಸುತ್ತದೆ; ಅದು ಹಸಿವನ್ನು ತಾಳಲಾರದು. ರಕ್ತ ಸಾಲದ ಜೀವಕೋಶಗಳು ಇನ್ನಷ್ಟು ಊದುತ್ತವೆ, ಊದಿದಷ್ಟೂ ರಕ್ತ ಕಡಿಮೆಯಾಗುತ್ತದೆ. ಈ ವಿಷಚಕ್ರವನ್ನು ಮುರಿಯುವುದೇ ಚಿಕಿತ್ಸೆಯ ಉದ್ದೇಶ.

ಇನ್ನು ಮಾವನವರ ಪ್ರಶ್ನೆಗೆ ಬರೋಣ. ಊತಗಳೆಲ್ಲ ಒಂದೇ ಅಲ್ಲ. 1967ರಲ್ಲಿ ಈಗೊರ್ ಕ್ಲಾಟ್ಸೊ ಎಂಬ ವಿಜ್ಞಾನಿ ಮಿದುಳಿನ ಊತವನ್ನು ಎರಡು ಬಗೆಯಾಗಿ ವಿಂಗಡಿಸಿದನು. ಮೊದಲನೆಯದರಲ್ಲಿ ರಕ್ತನಾಳದ ಗೋಡೆ ಸೋರಿ, ನೀರು ಜೀವಕೋಶಗಳ ನಡುವಣ ಸಂದಿಯಲ್ಲಿ ನಿಲ್ಲುತ್ತದೆ. ಎರಡನೆಯದರಲ್ಲಿ ಜೀವಕೋಶದೊಳಗಿನಿಂದ ಸೋಡಿಯಮ್ಮನ್ನು ಹೊರಹಾಕುವ ಪಂಪು ಶಕ್ತಿಯಿಲ್ಲದೆ ನಿಲ್ಲುತ್ತದೆ, ಸೋಡಿಯಂ ಒಳಗೆ ಉಳಿದು ನೀರನ್ನು ಸೆಳೆದುಕೊಳ್ಳುತ್ತದೆ, ಜೀವಕೋಶವೇ ಊದುತ್ತದೆ. ಗೆಡ್ಡೆಯ ಸುತ್ತಲಿನ ಊತ ಮುಖ್ಯವಾಗಿ ಮೊದಲ ಬಗೆಯದು. 1961ರಲ್ಲಿ ಅಮೆರಿಕದ ಗ್ಯಾಲಿಸಿಚ್, ಫ್ರೆಂಚ್ ಮೊದಲಾದವರು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಅದನ್ನು ಬೆರಗಾಗುವಂತೆ ಇಳಿಸುತ್ತದೆಂದು ತೋರಿಸಿದರು. ಮಾವನವರ ಪತ್ನಿಗೆ ಗುಣವಾದದ್ದು ನಿಜವೇ. ಪೆಟ್ಟಿನ ಊತದಲ್ಲಾದರೋ ಎರಡೂ ಬಗೆಗಳು ಕಲೆತಿರುತ್ತವೆ; ಸೋರುವ ಗೋಡೆಯ ದುರಸ್ತಿಯೊಂದರಿಂದಲೇ ನಿಂತುಹೋದ ಪಂಪು ತಿರುಗುವುದಿಲ್ಲ.

ಆದರೆ ಆ ಕಾಲದ ವೈದ್ಯರು ನಾವು ಯೋಚಿಸಿದಂತೆಯೇ ಯೋಚಿಸಿದರು. ಗೆಡ್ಡೆಯ ಊತವನ್ನು ಇಳಿಸುವ ಮದ್ದು ಪೆಟ್ಟಿನ ಊತವನ್ನೂ ಇಳಿಸೀತೆಂದು ನಂಬಿ, ಸುಮಾರು ಮೂವತ್ತು ವರ್ಷ ಲೋಕದ ಅನೇಕ ಕಡೆ ತಲೆಪೆಟ್ಟಿನವರಿಗೆ ಸ್ಟಿರಾಯ್ಡ್ ಕೊಟ್ಟರು. ಕೆಲವರು ಬದುಕಿದರು, ಕೆಲವರು ಸತ್ತರು. ಮದ್ದು ಕೊಡದಿದ್ದರೆ ಏನಾಗುತ್ತಿತ್ತೆಂಬುದನ್ನು ಒಬ್ಬೊಬ್ಬ ರೋಗಿಯನ್ನು ನೋಡಿ ತಿಳಿಯುವಂತಿರಲಿಲ್ಲ. ಕಡೆಗೆ ಕ್ರ್ಯಾಷ್ ಎಂಬ ಹೆಸರಿನ ದೊಡ್ಡ ಪ್ರಯೋಗ ನಡೆಯಿತು. 49 ದೇಶಗಳ 239 ಆಸ್ಪತ್ರೆಗಳಲ್ಲಿ ತಲೆಪೆಟ್ಟಿನವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಟಿರಾಯ್ಡನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ದ್ರವವನ್ನೂ ಕೊಟ್ಟರು. 20,000 ಮಂದಿಯನ್ನು ಸೇರಿಸಿಕೊಳ್ಳಬೇಕೆಂದಿದ್ದರೂ 10,008 ಮಂದಿ ಸೇರುವಷ್ಟರಲ್ಲಿ, 2004ರಲ್ಲಿ, ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಎರಡು ವಾರಗಳೊಳಗೆ ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 17.9 ಮಂದಿಯೂ, ಮದ್ದು ಪಡೆದ ಗುಂಪಿನಲ್ಲಿ ನೂರಕ್ಕೆ 21.1 ಮಂದಿಯೂ ಮೃತರಾಗಿದ್ದರು. ನೂರಕ್ಕೆ ಮೂವರು ಹೆಚ್ಚು! ಯಾವ ವೈದ್ಯನ ಕಣ್ಣಿಗೂ ತನ್ನ ಒಂದು ವಾರ್ಡಿನಲ್ಲಿ ಕಾಣದ ಈ ಮೂವರನ್ನು ಹತ್ತು ಸಾವಿರದ ಲೆಕ್ಕ ಕಾಣಿಸಿತು. ನಮ್ಮ ಹುಡುಗನ ವೈದ್ಯರು ಬೇಡವೆಂದದ್ದು ಉದಾಸೀನದಿಂದಲ್ಲ. ಈ ಲೆಕ್ಕವನ್ನು ಅವರು ಬಲ್ಲವರಾಗಿದ್ದರು, ನಾವು ಅರಿಯದವರಾಗಿದ್ದೆವು.

ಬೆನ್ನುಹುರಿಯ ಕಥೆಯೂ ಇದನ್ನೇ ಹೋಲುತ್ತದೆ. ಅದೂ ಮೂಳೆಯ ಕೊಳವೆಯಲ್ಲಿ ಸೆರೆಯಾಗಿದೆ. ಊದಿದರೆ ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. 1990ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗ, ಪೆಟ್ಟಾದ 8 ಗಂಟೆಗಳೊಳಗೆ ಕೊಟ್ಟ ಸ್ಟಿರಾಯ್ಡಿನಿಂದ ಸ್ವಲ್ಪ ಲಾಭವುಂಟೆಂದು ಆಸೆ ಹುಟ್ಟಿಸಿತು. ಆದರೆ 2013ರ ವೇಳೆಗೆ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿ ಅದನ್ನು ಕೊಡಬಾರದೆಂದಿತು. ಲಾಭಕ್ಕೆ ದೃಢವಾದ ಆಧಾರವಿಲ್ಲ, ಸೋಂಕು ಮೊದಲಾದ ಕೇಡುಗಳಿಗೆ ಆಧಾರವುಂಟು ಎಂಬುದು ಅವರ ನಿರ್ಣಯ. ಇಂದಿಗೂ ಈ ವಿಷಯದಲ್ಲಿ ವೈದ್ಯಲೋಕ ಒಮ್ಮತಕ್ಕೆ ಬಂದಿಲ್ಲ. ರಕ್ತದೊತ್ತಡವನ್ನು ತಗ್ಗಗೊಡದೆ ಕಾಯುವುದು, ಹುರಿಯನ್ನು ಒತ್ತುತ್ತಿರುವ ಮೂಳೆಯನ್ನು ಬೇಗನೆ ಶಸ್ತ್ರಕ್ರಿಯೆಯಿಂದ ಸಡಿಲಿಸುವುದು, ಇವೇ ಅಲ್ಲಿಯೂ ಮುಖ್ಯ ಉಪಾಯಗಳು.

ಹಾಗಾದರೆ ಮಿದುಳಿನ ಊತಕ್ಕೆ ಚಿಕಿತ್ಸೆಯೇ ಇಲ್ಲವೆ? ಉಂಟು. ಆದರೆ ಅದು ಗುಣಪಡಿಸುವ ಮದ್ದಲ್ಲ, ಜಾಗ ಮಾಡಿಕೊಡುವ ಲೆಕ್ಕಾಚಾರ. ಹಾಸಿಗೆಯ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿ, ಕುತ್ತಿಗೆಯನ್ನು ನೇರವಾಗಿರಿಸಿದರೆ ಅಭಿಧಮನಿಯ ರಕ್ತ ತನ್ನ ಭಾರದಿಂದಲೇ ಸುಗಮವಾಗಿ ಇಳಿಯುತ್ತದೆ. ರೋಗಿಯನ್ನು ನಿದ್ರೆಯಲ್ಲಿರಿಸಿ, ಯಂತ್ರದಿಂದ ಉಸಿರಾಡಿಸಿದರೆ ಮಿದುಳಿನ ಬೇಡಿಕೆ ತಗ್ಗುತ್ತದೆ. ಮಿದುಳಿನೊಳಗಣ ಕುಹರಕ್ಕೆ ತೆಳುವಾದ ನಳಿಕೆಯಿಳಿಸಿ ದ್ರವವನ್ನು ಹೊರಕ್ಕೆ ಹರಿಸಬಹುದು. ಇನ್ನು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವಿನ 20 ಪ್ರತಿಶತ ದ್ರಾವಣ, ಅಥವಾ ಸಾಮಾನ್ಯ 0.9 ಪ್ರತಿಶತದ ಬದಲು 3 ಪ್ರತಿಶತದ ಉಪ್ಪುನೀರು. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ಸೊರಗಿ ನೀರು ಬಿಟ್ಟಿರುವುದನ್ನು ನಿಮ್ಮ ಮನೆಯಲ್ಲಿ ನೋಡಿಲ್ಲವೆ? ಅದೇ ಅಭಿಸರಣೆಯ ತತ್ತ್ವದಿಂದ ರಕ್ತದಲ್ಲಿ ಬೆರೆತ ಉಪ್ಪು ಮಿದುಳಿನ ನೀರನ್ನು ಸೆಳೆಯುತ್ತದೆ. ಆದರೆ ರಕ್ತನಾಳದ ಗೋಡೆ ಗಟ್ಟಿಯಾಗಿರುವ ಕಡೆಯಲ್ಲಷ್ಟೇ ಇದು ಚೆನ್ನಾಗಿ ನಡೆಯುತ್ತದೆ. ಎಂದರೆ ನೀರು ಬಿಡುವುದು ಹೆಚ್ಚಾಗಿ ಆರೋಗ್ಯದ ಭಾಗ, ಗಾಯಗೊಂಡ ಭಾಗವಲ್ಲ! ದೇಹವನ್ನು ತಂಪುಮಾಡಿದರೆ ಹೇಗೆಂಬ ಯೋಚನೆಯೂ ಹುಟ್ಟಿತ್ತು. ತಂಪಿನಿಂದ ಒತ್ತಡವೇನೋ ಇಳಿಯಿತು. ಆದರೆ ರೋಗಿಗಳ ಸ್ಥಿತಿ ಉತ್ತಮವಾಗಲಿಲ್ಲವೆಂದು 2015ರ ಯುರೋಪಿನ ಪ್ರಯೋಗ ತೋರಿಸಿತು.

ಕಡೆಯ ಉಪಾಯ, ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯುವುದು. ಬುರುಡೆಯ ಅಗಲವಾದ ಒಂದು ತುಂಡನ್ನು ತೆಗೆದಿರಿಸಿ, ಊತ ಇಳಿದ ಮೇಲೆ ತಿಂಗಳುಗಳ ತರುವಾಯ ಮತ್ತೆ ಜೋಡಿಸುತ್ತಾರೆ. ಬೇರೆ ಉಪಾಯಗಳಿಗೆ ಬಗ್ಗದ ಒತ್ತಡವಿದ್ದ 408 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಹೊತ್ತಿಗೆ ಮುಚ್ಚಳ ತೆಗೆದವರಲ್ಲಿ ನೂರಕ್ಕೆ 26.9 ಮಂದಿಯೂ, ತೆಗೆಯದೆ ಔಷಧೋಪಚಾರ ಮುಂದುವರಿಸಿದವರಲ್ಲಿ 48.9 ಮಂದಿಯೂ ಸತ್ತಿದ್ದರು. ಜೀವ ಉಳಿಸುವ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಚ್ಚರವಿಲ್ಲದೆ ಬರಿಯ ಜೀವವಿರುವ ಸ್ಥಿತಿಯಲ್ಲಿ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 8.5, ಎರಡನೆಯದರಲ್ಲಿ 2.1. ಉಳಿಯುವುದಕ್ಕೂ ಮೊದಲಿನಂತಾಗುವುದಕ್ಕೂ ನಡುವೆ ಎಷ್ಟು ಅಂತರವುಂಟೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ಬೆಂಗಳೂರಿಗೆ ಈ ವಿದ್ಯೆಯಲ್ಲಿ ಕೊರತೆಯಿಲ್ಲ. 1847ರಷ್ಟು ಹಿಂದೆ ಮಾನಸಿಕ ರೋಗಿಗಳ ಆಶ್ರಯವಾಗಿ ಮೊದಲಾದ ಸಂಸ್ಥೆಯೇ ಬೆಳೆಯುತ್ತ 1974ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ಕರ್ನಾಟಕದ ಮೂಲೆಮೂಲೆಗಳಿಂದ ತಲೆಪೆಟ್ಟಿನವರನ್ನು ಅಲ್ಲಿಗೆ ಕರೆತರುತ್ತಾರೆ. ದೀಪಾಂಜಲಿ ನಗರದಿಂದ ಅದು ಹತ್ತು ಕಿಲೋಮೀಟರಿನೊಳಗೇ ಇದೆ. ಅಲ್ಲಿನ ಡಾ. ಜಿ. ಗುರುರಾಜ್ ಮೊದಲಾದವರು ಈ ನಗರದ ರಸ್ತೆ ಅಪಘಾತಗಳನ್ನು ಹಲವು ವರ್ಷ ಅಭ್ಯಾಸಮಾಡಿ, ದ್ವಿಚಕ್ರ ಸವಾರರ ತಲೆಪೆಟ್ಟೂ ಹೆಲ್ಮೆಟ್ಟಿನ ಅಗತ್ಯವೂ ಎಷ್ಟೆಂಬುದನ್ನು ಎತ್ತಿ ತೋರಿಸಿದರು. ಆದರೂ ವಿದ್ಯೆ ಹತ್ತಿರವಿದ್ದ ಮಾತ್ರಕ್ಕೆ ಎಲ್ಲರೂ ಉಳಿಯುವುದಿಲ್ಲ. 2021ರ ಜೂನ್ ತಿಂಗಳಲ್ಲಿ ನಟ ಸಂಚಾರಿ ವಿಜಯ್ ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದಾಗ ಇದೇ ನಗರದಲ್ಲಿ ಅಪಘಾತಕ್ಕೀಡಾಗಿ, ತಲೆಪೆಟ್ಟಿನಿಂದ ತೀರಿಕೊಂಡರು. ಶಸ್ತ್ರಚಿಕಿತ್ಸೆಯೂ ನಡೆದಿತ್ತು. ಮಿದುಳು ಮರಳಲಿಲ್ಲ, ಅವರ ಮನೆಯವರು ಅಂಗಾಂಗಗಳನ್ನು ದಾನಮಾಡಿದರು. ರಾಷ್ಟ್ರಪ್ರಶಸ್ತಿ ಪಡೆದ ಆ ಕಲಾವಿದರನ್ನು ನಾಡು ಇಂದಿಗೂ ನೆನೆಯುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯ ಇದು: ಮಿದುಳಿನ ಊತದ ಅತ್ಯುತ್ತಮ ಚಿಕಿತ್ಸೆ ಆಸ್ಪತ್ರೆಯ ಬಾಗಿಲಿನ ಹೊರಗೆ, ರಸ್ತೆಯಲ್ಲೇ ನಡೆಯಬೇಕು, ಅದನ್ನು ಮಾಡತಕ್ಕವರು ನಾವು. ಹೆಲ್ಮೆಟ್ಟಿನ ಲೆಕ್ಕ ನಿಮಗೆ ಸುಲಭ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲಕ್ಕೆ ತಾಗಿ 3 ಮಿಲಿಮೀಟರಿನೊಳಗೆ ನಿಂತಿತೆಂದು ಇಟ್ಟುಕೊಳ್ಳಿ. ಅದರ ಸರಾಸರಿ ವೇಗಕ್ಷಯ ಗುರುತ್ವದ 500 ಪಟ್ಟಾಗುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮೊಕೋಲಿನಂಥ ಪದರ ಜಜ್ಜಿಹೋಗಿ ತಲೆಗೆ ನಿಲ್ಲಲು 3 ಸೆಂಟಿಮೀಟರ್ ದೊರಕಿಸಿದರೆ ಅದೇ ವೇಗಕ್ಷಯ 50 ಪಟ್ಟಿಗೆ ಇಳಿಯುತ್ತದೆ. ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರಾಯಿತು. ಈ ಪದರವಿಲ್ಲದ ಟೊಪ್ಪಿಗೆ ಪೊಲೀಸರ ಕಣ್ಣಿಗೆ ಹೆಲ್ಮೆಟ್ಟು, ನೆಲದ ಪಾಲಿಗೆ ಅಲ್ಲ. ಹೆಲ್ಮೆಟ್ಟುಗಳಿಗಾಗಿ ಐ.ಎಸ್. 4151 ಎಂಬ ಮಾನಕವಿದೆ, ಐ.ಎಸ್.ಐ. ಗುರುತನ್ನು ನೋಡಿಯೇ ಕೊಳ್ಳಬೇಕು, ಪಟ್ಟಿಯನ್ನು ಬಿಗಿಯಲೇಬೇಕು. ಹಿಂಬದಿಯ ಸವಾರರಿಗೂ ಹೆಲ್ಮೆಟ್ಟನ್ನು ಕರ್ನಾಟಕದಲ್ಲಿ 2016ರ ಜನವರಿಯಿಂದ ಕಡ್ಡಾಯಮಾಡಲಾಯಿತು. ನಿಯಮ ಬಂದುದಕ್ಕಿಂತ ನಿಧಾನವಾಗಿ ಅಭ್ಯಾಸ ಬರುತ್ತಿದೆ.

ಎರಡನೆಯದು, ಬಿದ್ದವನನ್ನು ಕಂಡಾಗ ನಡೆದುಕೊಳ್ಳಬೇಕಾದ ರೀತಿ. ಕೈಕಾಲು ಹಿಡಿದೆತ್ತಿ ಆಟೋರಿಕ್ಷಾದೊಳಕ್ಕೆ ಮಡಚಿ ತುಂಬುವ ನಮ್ಮ ಕರುಣೆ ಬೆನ್ನುಹುರಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಬೆಂಕಿ, ವಾಹನಗಳ ಸಂಚಾರ ಮೊದಲಾದ ಅಪಾಯವಿಲ್ಲದಿದ್ದರೆ ಅಲುಗಿಸದೆ 108ಕ್ಕೆ ಕರೆಮಾಡಿ; ಉಸಿರು ಆಡುತ್ತಿದೆಯೇ ನೋಡಿ; ಸುರಿಯುವ ರಕ್ತವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿಯಿರಿ. ತಿರುಗಿಸಲೇಬೇಕಾದರೆ ತಲೆ, ಕುತ್ತಿಗೆ, ಮೈ ಒಂದೇ ಸಾಲಿನಲ್ಲಿರುವಂತೆ ಹಲವರು ಸೇರಿ, ಮರದ ದಿಮ್ಮಿಯನ್ನು ಹೊರಳಿಸುವ ಹಾಗೆ ತಿರುಗಿಸಬೇಕು. ತೀವ್ರವಾದ ತಲೆಪೆಟ್ಟಿನವರ ಸಂಕೋಚನದ ರಕ್ತದೊತ್ತಡ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಸಂಭವ ಸುಮಾರು ಇಮ್ಮಡಿಸುತ್ತದೆಂದು 1993ರ ಅಧ್ಯಯನವೊಂದು ತೋರಿಸಿದೆ. ನಾವು ಮೇಲೆ ಮಾಡಿದ ಕಳೆಯುವ ಲೆಕ್ಕ ನೆನಪಿರಲಿ. ಗಾಯದ ಮೇಲೆ ಒತ್ತಿದ ನಿಮ್ಮ ಅಂಗೈ ಮಿದುಳಿಗೂ ಚಿಕಿತ್ಸೆ ಮಾಡುತ್ತಿರುತ್ತದೆ. ಪೊಲೀಸು, ಕೋರ್ಟು ಎಂಬ ಭಯವೂ ಬೇಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 134ಎ ಪ್ರಕರಣ ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಮೂರನೆಯದು, "ಏನೂ ಆಗಿಲ್ಲ" ಎಂಬ ಮಾತನ್ನು ನಂಬದಿರುವುದು. ತಲೆಗೆ ಪೆಟ್ಟಾದವನಿಗೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು, ಸೆಳವು, ಎರಡು ಕಣ್ಣುಗಳ ಪಾಪೆಗಳಲ್ಲಿ ವ್ಯತ್ಯಾಸ, ಕಿವಿ ಮೂಗುಗಳಿಂದ ನೀರಿನಂಥ ದ್ರವ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಆ ರಾತ್ರಿ ನಾವು ಇಷ್ಟನ್ನು ತಿಳಿದಿದ್ದರೆ ಹುಡುಗನಿಗೆ ಐದಾರು ತಾಸುಗಳು ಉಳಿಯುತ್ತಿದ್ದವು.

ಆ ಹುಡುಗ ಬದುಕಿದ. ಹೆಪ್ಪನ್ನು ತೆಗೆದು, ಬುರುಡೆಯ ತುಂಡನ್ನು ತೆಗೆದಿರಿಸಿ, ತಿಂಗಳುಗಳ ಮೇಲೆ ಮತ್ತೆ ಕೂರಿಸಿದರು. ಒಂದು ವರ್ಷ ಕಳೆದು ತರಗತಿಗೆ ಮರಳಿದ. ಮೊದಲು ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವನು ಈಗ ಪ್ರತಿಯೊಂದು ಹೆಜ್ಜೆಯನ್ನೂ ಕಾಗದದ ಮೇಲೆ ಬರೆದುಕೊಂಡೇ ಮುಂದಕ್ಕೆ ಹೋಗುತ್ತಾನೆ. ಉತ್ತರ ಸರಿಯಾಗಿಯೇ ಬರುತ್ತದೆ, ತಡವಾಗಿ ಬರುತ್ತದೆ. ಮಾವನವರಿಗೂ ನಮಗೂ ಆ ಇಂಜೆಕ್ಷನ್ನಿನ ಮಾತು ಮತ್ತೆ ಬಂದಿಲ್ಲ. ಆದರೆ ಕಳೆದ ತಿಂಗಳು ಅವರ ಸ್ಕೂಟರು ನಮ್ಮ ಮನೆಯ ಮುಂದೆ ನಿಂತಾಗ ಗಮನಿಸಿದೆವು: ಹಿಡಿಕೆಯ ಮೇಲೊಂದು, ಹಿಂಬದಿಯ ಸೀಟಿನ ಮೇಲೊಂದು, ಎರಡು ಹೆಲ್ಮೆಟ್ಟುಗಳಿದ್ದವು.